ಗೊಂಬೆ ಕುಗ್ಗಿದರೂ ಬಣ್ಣ ಕುಗ್ಗದು

ನವರಾತ್ರಿ ಬಂದಿತೆಂದರೆ ಬೊಮ್ಮನಹಳ್ಳಿಯ ಅನೇಕ ಮನೆಗಳಲ್ಲಿ ಹಂತಗಳನ್ನು ಕಟ್ಟಿ ಗೊಂಬೆಗಳನ್ನು ಕೂರಿಸುವರು. ಪಟ್ಟದ ಗೊಂಬೆಗಳ ಕೆಳಗಿನ ಹಂತದಲ್ಲಿ ಸಂತೆ, ಉದ್ಯಾನ, ಮದುವೆಯ ದಿಬ್ಬಣ ಮೊದಲಾದ ದೃಶ್ಯಗಳನ್ನು ರಚಿಸುವ ಹೊಣೆ ಸಾಮಾನ್ಯವಾಗಿ ಮನೆಯ ಹುಡುಗ ಹುಡುಗಿಯರದು. ಇದಕ್ಕೆ ಬೇಕಾದ ಪುಟ್ಟ ಗೊಂಬೆಗಳಿಗೆ ತಾವೇ ಬಣ್ಣ ಹಚ್ಚಹೊರಟವರಿಗೆ ಮೊದಲ ಸಲ ನಿರಾಶೆಯೇ ಹೆಚ್ಚು. ಮುಖದ ಕಳೆ ಬಣ್ಣದಡಿ ಹೂತುಹೋಗುವುದು. ಕಣ್ಣುಗಳು ಗೂಬೆಯ ಕಣ್ಣಿನಂತೆ ತೋರುವುವು. ಮುಟ್ಟಿದೊಡನೆ ಗೊಂಬೆ ಉರುಳುವುದು. ಕೈಚಳಕ ಸಾಲದೆಂದು ಅವರು ಭಾವಿಸುವರು. ಆದರೆ ತಪ್ಪು ಕೈಯದಲ್ಲ, ಲೆಕ್ಕದ್ದು.

165 ಸೆಂಟಿಮೀಟರ್ ಎತ್ತರದ ಮನುಷ್ಯನನ್ನು 3 ಸೆಂಟಿಮೀಟರ್ ಗೊಂಬೆಯಾಗಿ ಮಾಡಿದರೆ ಅವನ ಅಳತೆಗಳೆಲ್ಲ 55ರಲ್ಲಿ ಒಂದು ಪಾಲಾಗುವುವು. ಆದರೆ ಬಣ್ಣದ ಪದರವಾಗಲಿ, ನೀರಿನ ಹನಿಯಾಗಲಿ, ನೋಡುವ ನಮ್ಮ ಕಣ್ಣಾಗಲಿ ಕುಗ್ಗುವುದಿಲ್ಲ. ಮೇಜಿನ ಮೇಲೆ ಆಡುವ ಯುದ್ಧದಾಟಗಳ ಪುಟ್ಟ ಸೈನಿಕರಿಗೂ ಇದೇ ಮಾತು ಅನ್ವಯಿಸುವುದು. ಈ ಕಲೆಯ ಸೂತ್ರಗಳೆಲ್ಲವೂ ಇದರಿಂದಲೇ ಹುಟ್ಟುವುವೆಂದರೆ ಹೆಚ್ಚಲ್ಲ.

ಮೊದಲು ನೆಲಬಣ್ಣ. ಗೊಂಬೆಯ ಮೇಲೆ ಬೆರಳಿನ ಜಿಡ್ಡಿದ್ದರೆ ಬಣ್ಣ ಹರಡದೆ, ಕೆಸುವಿನೆಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ನಿಲ್ಲುವುದು. ಇದು ಮೇಲ್ಮೈ ಎಳೆತದ ಪರಿಣಾಮ. ಆದುದರಿಂದ ಪ್ಲಾಸ್ಟಿಕ್ಕಿನ ಗೊಂಬೆಯನ್ನು ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ತೆಳುವಾದ ಬಿಳಿ ಅಥವಾ ಬೂದು ಬಣ್ಣವನ್ನು ಕೊಡಬೇಕು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಮರದ ಗೊಂಬೆಗೆ ಹುಣಿಸೆಬೀಜದ ಅಂಟಿನಿಂದ ಹತ್ತಿಬಟ್ಟೆಯ ಚೂರುಗಳನ್ನು ಅಂಟಿಸಿ, ಅದರ ಮೇಲೆ ಕಲ್ಲುಪುಡಿಯ ಲೇಪವನ್ನು ಬಳಿದು, ಆಮೇಲೆಯೇ ಬಣ್ಣಕ್ಕೆ ಕೈಹಾಕುವರು. ಬಣ್ಣ ಹಿಡಿಯುವ ನೆಲವನ್ನು ಮೊದಲು ಸಿದ್ಧಪಡಿಸುವುದೇ ಅಲ್ಲಿಯೂ ಉದ್ದೇಶ.

ಎರಡನೆಯದು ಪದರದ ದಪ್ಪ. 0.1 ಮಿಲಿಮೀಟರ್ ದಪ್ಪದ ಬಣ್ಣವು ಈ ಗೊಂಬೆಯ ಪಾಲಿಗೆ 5.5 ಮಿಲಿಮೀಟರಿಗೆ ಸಮ. ಮನುಷ್ಯನ ಮುಖಕ್ಕೆ ಅಷ್ಟು ಗಾರೆ ಮೆತ್ತಿದರೆ ಮೂಗು ತುಟಿಗಳು ಉಳಿಯುವುದೆಂತು? ಅಕ್ರಿಲಿಕ್ ಬಣ್ಣಕ್ಕೆ ನೀರು ಬೆರೆಸಿ, ಒಂದು ದಪ್ಪ ಪದರಕ್ಕೆ ಬದಲು ಎರಡು ತೆಳು ಪದರಗಳನ್ನು ಹಚ್ಚಬೇಕು. ಮೊದಲನೆಯದು ಪೂರ್ಣವಾಗಿ ಒಣಗುವವರೆಗೆ ಕಾಯಬೇಕು. ಮಳೆಗಾಲದ ತೇವದ ಗಾಳಿಯಲ್ಲಿ ಇದಕ್ಕೆ ಹೆಚ್ಚು ಹೊತ್ತು ಹಿಡಿಯುವುದು. ಹೊಸೂರು ರಸ್ತೆಯ ಧೂಳು ಹಸಿಬಣ್ಣಕ್ಕೆ ಅಂಟದಂತೆ ಗೊಂಬೆಯ ಮೇಲೆ ಒಂದು ಪಾತ್ರೆಯನ್ನು ಕವುಚಿ, ಗಾಳಿಯಾಡಲು ಅಂಚಿಗೆ ಒಂದು ಕಡ್ಡಿಯನ್ನು ಕೊಟ್ಟರೆ ಸಾಕು.

ಮೂರನೆಯದು ನೆರಳು. ಒಂದು ಕಲೆಯ ಪಾಲು, ಅಂದರೆ ಒಂದು ಅಂಶದ 60ರಲ್ಲಿ ಒಂದು ಭಾಗದ ಕೋನಕ್ಕಿಂತ ಚಿಕ್ಕದನ್ನು ನಮ್ಮ ಕಣ್ಣು ಬೇರ್ಪಡಿಸಿ ಕಾಣಲಾರದು. 60 ಸೆಂಟಿಮೀಟರ್ ದೂರದಲ್ಲಿ ಇದು ಸುಮಾರು 0.17 ಮಿಲಿಮೀಟರ್. ಸೀರೆಯ ಮಡಿಕೆಗಳ ಸಹಜ ನೆರಳು ಈ ಮಿತಿಯಲ್ಲಿ ಕಳೆದುಹೋಗುವುದರಿಂದ ಅದನ್ನು ಬಣ್ಣದಿಂದಲೇ ತೋರಿಸಬೇಕು. ಬಹಳ ನೀರಾದ ಕಪ್ಪುಗಂದು ಬಣ್ಣವನ್ನು ಸವರಿದರೆ, ಸೂಕ್ಷ್ಮನಾಳದಲ್ಲಿ ನೀರನ್ನು ಮೇಲೇರಿಸುವ ಶಕ್ತಿಯೇ ಅದನ್ನು ಮಡಿಕೆಗಳೊಳಕ್ಕೆ ಸೆಳೆದುಕೊಳ್ಳುವುದು. ಅದು ಒಣಗಿದ ಮೇಲೆ, ಬಹುಮಟ್ಟಿಗೆ ಒರೆಸಿದ ಕುಂಚದಿಂದ ತಿಳಿಬಣ್ಣವನ್ನು ಉಬ್ಬುಗಳಿಗೆ ಮಾತ್ರ ಸೋಕಿಸಬೇಕು. ಕಣ್ಣಿನ ಅಗಲ ಅರ್ಧ ಮಿಲಿಮೀಟರಿಗಿಂತ ತುಸುವೇ ಹೆಚ್ಚಾದುದರಿಂದ ಅಲ್ಲಿ ಒಂದು ಚುಕ್ಕೆಯೇ ಸಾಕು.

ಕುಂಚದ ಮೊನೆಯನ್ನು ಮಾತ್ರ ಎಂದಿಗೂ ತುಟಿಗಳಿಂದ ಚೂಪುಮಾಡಬಾರದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಕ್ಕೆ ರೇಡಿಯಂ ಬಣ್ಣ ಬರೆಯುತ್ತಿದ್ದ ಯುವತಿಯರು ಹಾಗೆ ಮಾಡಿ, 1920ರ ದಶಕದಲ್ಲಿ ದವಡೆಯ ಮೂಳೆ ಕೊಳೆತು ನರಳಿದರು, ಹಲವರು ಮಡಿದರು. ನಮ್ಮ ಬಣ್ಣಗಳಲ್ಲಿ ರೇಡಿಯಂ ಇಲ್ಲ. ಆದರೆ ಕೆಲವು ಬಣ್ಣಗಳಲ್ಲಿ ಸೀಸ, ಕ್ಯಾಡ್ಮಿಯಂಗಳಂತಹ ವಿಷಲೋಹಗಳಿರಬಹುದು. ಒದ್ದೆ ಬಟ್ಟೆಯ ಮೇಲೆ ಕುಂಚವನ್ನು ಹೊರಳಿಸಿದರೆ ಮೇಲ್ಮೈ ಎಳೆತವೇ ಕೂದಲುಗಳನ್ನು ಒಟ್ಟುಗೂಡಿಸಿ ಮೊನೆ ಕೊಡುವುದು.

ಕಡೆಯದಾಗಿ ಪೀಠ. ಗುರುತ್ವಕೇಂದ್ರದಿಂದ ಇಳಿದ ಲಂಬರೇಖೆ ಪೀಠದೊಳಗೆ ಬೀಳುವವರೆಗೆ ಗೊಂಬೆ ಉರುಳದು. ಗುರುತ್ವಕೇಂದ್ರವು 1.5 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 1 ಸೆಂಟಿಮೀಟರ್ ಅಗಲದ ಪೀಠದ ಮೇಲಿನ ಗೊಂಬೆ ಸುಮಾರು 18 ಅಂಶ ವಾಲಿದೊಡನೆ ಬೀಳುವುದು, ಪೀಠ 2.5 ಸೆಂಟಿಮೀಟರ್ ಆದರೆ 40 ಅಂಶದವರೆಗೆ ತಡೆಯುವುದು. ಪೀಠದ ಮೇಲೆ ಬಿಳಿ ಅಂಟನ್ನು ಸವರಿ ಮರಳನ್ನು ಉದುರಿಸುವಾಗಲೂ ಲೆಕ್ಕ ಮರೆಯಬಾರದು. 1 ಮಿಲಿಮೀಟರ್ ಮರಳುಕಣ ಅಲ್ಲಿ 5.5 ಸೆಂಟಿಮೀಟರಿನ ಜಲ್ಲಿಕಲ್ಲು! ಚಹಾ ಸೋಸುವ ಜಾಲರಿಯಲ್ಲಿ ಜರಡಿಹಿಡಿದ ನುಣುಪು ಮರಳೇ ಮಣ್ಣಿನಂತೆ ಕಾಣುವುದು. ಉದ್ಯಾನಕ್ಕೆಂದು ಬಿತ್ತಿದ ರಾಗಿಯ ಮೊಳಕೆ 3 ಸೆಂಟಿಮೀಟರ್ ಬೆಳೆದರೆ ಅದು ಹುಲ್ಲುಹಾಸಾಗದು, ಆಳೆತ್ತರದ ಕಬ್ಬಿನ ಗದ್ದೆಯಾಗುವುದು. ಹಸಿರುಬಣ್ಣ ಹಾಕಿದ ಮರದ ಹೊಟ್ಟು ಅದಕ್ಕಿಂತ ಮೇಲು.

ವಿದ್ಯಾರ್ಥಿಗಳು ಒಂದೇ ಬಗೆಯ ಎರಡು ಗೊಂಬೆಗಳನ್ನು ತೆಗೆದುಕೊಂಡು, ಒಂದಕ್ಕೆ ದಪ್ಪವಾಗಿಯೂ ಇನ್ನೊಂದಕ್ಕೆ ಮೇಲಿನ ಕ್ರಮದಲ್ಲಿಯೂ ಬಣ್ಣ ಹಚ್ಚಿ, ಕೈಯಳತೆಯ ದೂರದಲ್ಲಿಟ್ಟು ನೋಡಲಿ. ಮೊದಲನೆಯದನ್ನು ಎಸೆಯುವುದು ಬೇಡ. ಮುಂದಿನ ನವರಾತ್ರಿಗೆ ಅದನ್ನು ಪಕ್ಕದಲ್ಲಿಯೇ ಕೂರಿಸಿದರೆ, ತಾವು ಕಲಿತುದೆಷ್ಟೆಂಬುದನ್ನು ಅದೇ ಹೇಳುವುದು.