ಅಷ್ಟೇ ನೀರು ಕುಡಿದೆ, ಬ್ಲ್ಯಾಡರ್ ಯಾಕೆ ತುಂಬಲಿಲ್ಲ?

ಪ್ರಶ್ನೆ: ನನಗೆ 67 ವರ್ಷ, ತಿಪಟೂರಿನ ಕಡೆಯವನು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ 20 ದಿನ ಕರೆಂಟ್ (ರೇಡಿಯೇಷನ್) ಕೊಡಬೇಕೆಂದಿದ್ದಾರೆ, 8 ಮುಗಿದಿವೆ. ಬೆಂಗಳೂರಿನ ಮಗಳ ಮನೆಯಿಂದ ದಿನಾ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿಬರುತ್ತೇನೆ. ಅಲ್ಲಿ ಮೂತ್ರ ಮಾಡಿ, ಅರ್ಧ ಲೀಟರ್ ನೀರು ಕುಡಿದು, ಮುಕ್ಕಾಲು ಗಂಟೆ ಕೂರಬೇಕು. ತಪ್ಪದೆ ಮಾಡುತ್ತೇನೆ. ಆದರೂ ಎರಡು ಸಲ ಮೇಜಿನ ಮೇಲೆ ಮಲಗಿಸಿದ ಮೇಲೆ ‘ಬ್ಲ್ಯಾಡರ್ ತುಂಬಿಲ್ಲ’ ಎಂದು ಎಬ್ಬಿಸಿ ಕಳಿಸಿದರು. ದಾರಿಯಲ್ಲಿ ಅವಸರವಾದೀತೆಂದು ಬೆಳಗಿನಿಂದ ಒಂದು ತೊಟ್ಟು ನೀರೂ ಮುಟ್ಟುವುದಿಲ್ಲ. ಇನ್ನೇನು ಮಾಡಲಿ?

ಉತ್ತರ: ಆ ಒಂದು ತೊಟ್ಟು ನೀರಿನಲ್ಲೇ ಇದೆ ನೋಡಿ ವಿಷಯ. ನಿಮ್ಮ ಕಡೆಯ ಬಯಲುಸೀಮೆಯಲ್ಲಿ ಬಿರುಬೇಸಿಗೆಯ ಮೊದಲ ಮಳೆ ಕೆರೆ ಸೇರುತ್ತದೆಯೇ? ನೆಲವೇ ಕುಡಿದುಬಿಡುತ್ತದೆ. ಒಣಗಿದ ಮೈಯೂ ಹಾಗೆಯೇ. ಬೆಳಗಿನಿಂದ ನೀರಿಲ್ಲದಿದ್ದಾಗ ಕಿಡ್ನಿ ಕೈ ಬಿಗಿಹಿಡಿದಿರುತ್ತದೆ. ಆಮೇಲೆ ಕುಡಿದ ಅರ್ಧ ಲೀಟರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಮೂತ್ರಕೋಶಕ್ಕೆ ಇಳಿಯುವುದು ಅಲ್ಪ. ಹಿಂದಿನ ದಿನವೆಲ್ಲ ಚೆನ್ನಾಗಿ ಕುಡಿದಿದ್ದರೆ ಅದೇ ಅರ್ಧ ಲೀಟರ್ ಬೇಗ ಇಳಿಯುತ್ತದೆ. ಬಸ್ ಹತ್ತುವ ಚಿಂತೆಯಿದ್ದರೆ ಹಿಂದಿನ ಸಂಜೆಯವರೆಗೂ ಸಮನಾಗಿ ಕುಡಿಯಿರಿ, ಬೆಳಗ್ಗೆ ಎದ್ದಕೂಡಲೇ ಒಂದು ಲೋಟ ಕುಡಿಯಿರಿ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಹಾಕಿದ್ದರೆ ಮಾತ್ರ ವೈದ್ಯರನ್ನು ಕೇಳದೆ ಇದನ್ನು ಪಾಲಿಸಬೇಡಿ.

ಇಷ್ಟೆಲ್ಲ ಯಾಕೆ ಎನ್ನುತ್ತೀರಾ? ಪ್ರಾಸ್ಟೇಟ್ ಇರುವುದು ಮೂತ್ರಕೋಶದ ಬುಡಕ್ಕೆ ಅಂಟಿಕೊಂಡು. ಮೂತ್ರಕೋಶ ಸೊರಗಿದ್ದರೆ ಅದರ ಬಹುಪಾಲು ಪ್ರಾಸ್ಟೇಟಿನ ಪಕ್ಕದಲ್ಲೇ ಕುಸಿದಿರುತ್ತದೆ, ಮೇಲಿನ ಸಣ್ಣಕರುಳೂ ಜಾರಿ ಹತ್ತಿರ ಬರುತ್ತದೆ. ಎರಡಕ್ಕೂ ವೃಥಾ ವಿಕಿರಣ. ತುಂಬಿದಾಗ ಅದು ಬಲೂನಿನಂತೆ ಮೇಲಕ್ಕೆದ್ದು ತನ್ನ ಮೇಲ್ಭಾಗವನ್ನು ದೂರ ಒಯ್ಯುತ್ತದೆ, ಕರುಳನ್ನೂ ಮೇಲಕ್ಕೆ ತಳ್ಳುತ್ತದೆ.

ಹಾಗೆಂದು ಹೆಚ್ಚು ತುಂಬಿಸಿದಷ್ಟೂ ಒಳ್ಳೆಯದಲ್ಲ. ಚಿಕಿತ್ಸೆ ಶುರುವಾಗುವ ಮೊದಲು ಸಿಟಿ ಸ್ಕ್ಯಾನ್ ಮಾಡಿದರಲ್ಲ, ಲೆಕ್ಕಾಚಾರವೆಲ್ಲ ನಿಂತಿರುವುದು ಅಂದಿನ ಚಿತ್ರದ ಮೇಲೆ. ಅಂದು 250 ಎಂ.ಎಲ್. ಇದ್ದರೆ ಇಂದೂ ಅದರ ಆಸುಪಾಸಿನಲ್ಲಿರಬೇಕು. 450 ತಂದವರಿಗೆ ಶಹಭಾಸ್‌ಗಿರಿ ಇಲ್ಲ. ತಡೆಯಲಾಗದೆ ಮೇಜಿನ ಮೇಲೆ ತೊಡೆ ಬಿಗಿಹಿಡಿದು ಒದ್ದಾಡಿದರೆ ಗುರಿಯೇ ಸರಿಯುತ್ತದೆ. ನಿಮ್ಮನ್ನು ಸರಿಯಾಗಿ ಮಲಗಿಸಲು ಚರ್ಮದ ಮೇಲೆ ಹಾಕಿದ ಗುರುತು ಹೊರಗಿನ ಮೈಯನ್ನಷ್ಟೇ ಹೊಂದಿಸುತ್ತದೆ, ಒಳಗಿನದ್ದು ಅದಕ್ಕೆ ಕಾಣುವುದಿಲ್ಲ. ಅದಕ್ಕೇ ಮಷಿನ್ ಮೊದಲು ನಿಮ್ಮ ಸುತ್ತ ನಿಧಾನವಾಗಿ ಒಮ್ಮೆ ತಿರುಗುವುದು. ಆಗ ನಡೆಯುವುದು ಚಿಕಿತ್ಸೆಯಲ್ಲ, ಸ್ಕ್ಯಾನ್. ಅದನ್ನು ನೋಡಿಯೇ ನಿಮ್ಮನ್ನು ಎಬ್ಬಿಸಿದ್ದು. ಬೇಜಾರು ಬೇಡ, ಎಬ್ಬಿಸದೆ ಕರೆಂಟ್ ಕೊಟ್ಟಿದ್ದರೆ ನನಗೆ ಬೇಜಾರಾಗುತ್ತಿತ್ತು.

ನೀರು ಕುಡಿಯಲು ಶುರುಮಾಡುವ ಮೊದಲು ಟೆಕ್ನೀಷಿಯನ್ನರನ್ನು ‘ಇವತ್ತು ಮಷಿನ್ ಸಮಯಕ್ಕಿದೆಯಾ?’ ಎಂದು ಕೇಳಿ. ತಡವಿದ್ದರೆ ಬಾಟಲಿ ಮುಚ್ಚಿಡಿ. ನಾನು ಕೆಲಸ ಮಾಡಿದ ಒಂದು ಆಸ್ಪತ್ರೆಯಲ್ಲಿ ಶೌಚಾಲಯ ಕಾರಿಡಾರಿನ ಆ ತುದಿಯಲ್ಲಿತ್ತು. ಕಾಲು ಹೆಣೆದುಕೊಂಡು ಕೂತ ಹಿರಿಯರು ಸುಮ್ಮನೆ ಎದ್ದುಹೋಗಿ ಹಗುರಾಗಿ ಬಂದು, ಸಂಕೋಚಕ್ಕೆ ಬಾಯಿ ಬಿಡುತ್ತಿರಲಿಲ್ಲ. ಹೋದರೆ ಹೇಳಿಬಿಡಿ, ಮತ್ತೆ ಕುಡಿದು ಕಾದರಾಯಿತು. ಬಿ.ಪಿ.ಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ, ಸಕ್ಕರೆ ಏರಿಳಿಯುತ್ತಿದ್ದರೆ ಅದನ್ನೂ ತಿಳಿಸಿ. ಎರಡೂ ಲೆಕ್ಕ ತಪ್ಪಿಸುತ್ತವೆ. ಕಾಫಿ ಬಿಡಬೇಕಿಲ್ಲ, ಆದರೆ ಒಂದು ದಿನ ಒಂದು ಲೋಟ, ಇನ್ನೊಂದು ದಿನ ಮೂರು ಎಂದಾಗಬಾರದು.

ಪ್ರಶ್ನೆ: ನಮ್ಮ ತಂದೆಗೆ ಇದೇ ಚಿಕಿತ್ಸೆಯ ಮೂರನೇ ವಾರ. ಅರ್ಧ ಗಂಟೆಗೊಮ್ಮೆ ಮೂತ್ರಕ್ಕೆ ಓಡುತ್ತಾರೆ, ಉರಿಯಂತೆ. ನೀರು ಕಡಿಮೆ ಮಾಡಿಸಲೇ?

ಉತ್ತರ: ಬೇಡ. ವಿಕಿರಣದಿಂದ ಮೂತ್ರಕೋಶದ ಒಳಪದರ ಕೆರಳಿದೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುತ್ತದೆ. ಮೊದಲ ವಾರ ಹಿಡಿದಿಟ್ಟಷ್ಟನ್ನು ಈಗ ಹಿಡಿಯಲಾಗದೆ ಇರುವುದು ಅವರ ತಪ್ಪಲ್ಲ, ಬಹಳ ಜನರಿಗೆ ಹೀಗಾಗುತ್ತದೆ. ರೇಡಿಯೇಷನ್ ವೈದ್ಯರಿಗೆ ಇಂದೇ ಹೇಳಿ. ಸೋಂಕಿದೆಯೇ ಎಂದು ಮೂತ್ರ ಪರೀಕ್ಷೆ ಮಾಡಿಸಿ, ಮಾತ್ರೆ ಕೊಟ್ಟಾರು, ಕಾಯುವ ಹೊತ್ತನ್ನೂ ಬದಲಿಸಿಯಾರು. ನೀವೇ ಮನೆಯಲ್ಲಿ ಬದಲಿಸಬೇಡಿ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಇದು ಸಾಮಾನ್ಯವಾಗಿ ತಗ್ಗುತ್ತದೆ. ಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರವೇ ಕಟ್ಟಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನನಗೂ ಇದೇ ಚಿಕಿತ್ಸೆ. ‘ಹೊಟ್ಟೆ ಖಾಲಿ ಇರಬೇಕು’ ಎಂದಿದ್ದಾರೆ. ದಿನಾ ಉಪವಾಸ ಹೋಗುತ್ತಿದ್ದೇನೆ, ತಲೆ ಸುತ್ತುತ್ತದೆ.

ಉತ್ತರ: ಅಯ್ಯೋ, ನಮ್ಮ ಭಾಷೆಯಲ್ಲಿ ಎರಡಕ್ಕೂ ಹೊಟ್ಟೆಯೇ! ಅವರು ಹೇಳಿದ್ದು ಊಟದ ಹೊಟ್ಟೆಯಲ್ಲ, ಬೆಳಗ್ಗೆ ಹೊರಕಡೆಗೆ ಹೋಗಿಬಂದು ಮಲದ್ವಾರದ ಮೇಲಿನ ಕರುಳು ಖಾಲಿಯಿರಬೇಕೆಂದು. ಮಲವೋ ಗಾಳಿಯೋ ತುಂಬಿದ್ದರೆ ಅದು ಹಿಂದಿನಿಂದ ಪ್ರಾಸ್ಟೇಟನ್ನು ಮುಂದಕ್ಕೆ ನೂಕುತ್ತದೆ. ಮಲಬದ್ಧತೆ ಇದ್ದರೆ ಔಷಧಿ ಕೇಳಿ ಪಡೆಯಿರಿ. ರಾತ್ರಿ ಕಡಲೆಕಾಳು, ಹುರುಳಿ ಹೊಟ್ಟೆಯುಬ್ಬರ ತರಿಸುವುದಾದರೆ ಸದ್ಯ ಬಿಡಿ. ಬೆಳಗ್ಗೆ ಇಡ್ಲಿ ತಿಂದೇ ಹೋಗಿ.