ಈ ತಿಂಗಳ ಪಾಠ: ಮೊಬೈಲ್ ಬರೆದ ಉತ್ತರ, ಮಗು ಕಲಿತದ್ದೆಷ್ಟು?



ಕೇಳಿದರೆ ಪ್ರಬಂಧವನ್ನೇ ಬರೆದುಕೊಡುವ ‘ಚಾಟ್‌ಜಿಪಿಟಿ’ 2022ರ ನವೆಂಬರ್‌ನಲ್ಲಿ ಬಂತು. 2024ರಿಂದ ವಾಟ್ಸಾಪ್‌ನಲ್ಲೇ ‘ಮೆಟಾ ಎಐ’ ಇದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಅಂತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಯಾವ ಊರಾದರೂ ಸರಿ, ಮನೆಯಲ್ಲಿ ಇಂಟರ್ನೆಟ್ ಮೊಬೈಲ್ ಇದ್ದರೆ ಇದು ಮಕ್ಕಳ ಕೈಗೆ ಸಿಗುತ್ತೆ.

ಅಪಾರ ಬರಹಗಳನ್ನು ಉಣಿಸಿ, ಒಂದು ಪದದ ಮುಂದೆ ಯಾವ ಪದ ಬರಬಹುದೆಂದು ಊಹಿಸಲು ಇದಕ್ಕೆ ಕಲಿಸಿದ್ದಾರೆ. ಹಾಗಾಗಿ ತಪ್ಪನ್ನೂ ಸರಿಯಂತೆಯೇ ಹೇಳಿಬಿಡುತ್ತೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ನೋಡಿ ಖಾರ ಅಳೆಯೋಕಾಗುತ್ತಾ? ಇದೂ ಹಾಗೇ.

ಲಾಭವೂ ಇದೆ. ತಿಳಿಯದ ಲೆಕ್ಕವನ್ನು ಎಷ್ಟು ಸಲ ಕೇಳಿದರೂ ಬೇಸರಿಸದೆ ಹೇಳುತ್ತೆ. ಟ್ಯೂಷನ್ ಫೀ ಕಟ್ಟಲಾಗದ ಮನೆಗೆ ಇದು ಆಸರೆ. ಆದರೆ ನಕಲು ಮಾಡಿದರೆ ಕಲಿಕೆ ಇಲ್ಲ. ಸಂಘದ ಲೆಕ್ಕವನ್ನು ಸದಾ ಬೇರೆಯವರೇ ಬರೆದಿದ್ದರೆ ನಮಗೆ ಬರ್ತಿತ್ತಾ? 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇ. 83.89 ಇದ್ದ ರಾಜ್ಯದ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಕೊಠಡಿಯೊಳಗೆ ಮೊಬೈಲೂ ಇಲ್ಲ, ನಕಲೂ ನಡೆಯಲ್ಲ.

ನಾವೇನು ಮಾಡೋಣ?

1. ಮೊದಲು ಮಗು ತಾನೇ ಬರೆಯಲಿ, ಆಮೇಲೆ ಮೊಬೈಲ್ ನೋಡಲಿ.
2. ಉತ್ತರವನ್ನು ಪಠ್ಯಪುಸ್ತಕದ ಜೊತೆ ಹೋಲಿಸಲಿ. ಅನುಮಾನ ಬಂದರೆ ಟೀಚರನ್ನು ಕೇಳಲಿ.
3. ‘ಮೊಬೈಲ್ ಕೆಳಗಿಟ್ಟು ನನಗ ತಿಳಿಯೋ ಹಂಗ ಹೇಳವ್ವ’ ಅನ್ನಿ. ಇದಕ್ಕೆ ತಾಯಿಗೆ ಓದು ಬರಲೇಬೇಕೆಂದಿಲ್ಲ.
4. ಆಧಾರ್, ಪಾಸ್‌ಬುಕ್, ಮನೆಯವರ ಫೋಟೋ ಅದರಲ್ಲಿ ಹಾಕಬಾರದು.

ಚರ್ಚೆಗೆ: ಈ ವಾರ ನಿಮ್ಮ ಮಗು ಮೊಬೈಲನ್ನು ಏನು ಕೇಳಿತು? ತಿಳಿದುಕೊಂಡು ಮುಂದಿನ ಸಭೆಗೆ ಬನ್ನಿ.