ದಾರಿ ತೋರುವ ಪೆಟ್ಟಿಗೆ

ಮಕ್ಕಳೇ, ಮಲ್ಲೇಶ್ವರದಿಂದ ಬಸವನಗುಡಿಯ ದೊಡ್ಡ ಬಸವಣ್ಣ ದೇವಸ್ಥಾನಕ್ಕೆ ಹೋಗಬೇಕು, ದಾರಿ ಗೊತ್ತಿಲ್ಲ ಎಂದುಕೊಳ್ಳಿ. ಏನು ಮಾಡುತ್ತೀರಿ? ಯಾರನ್ನಾದರೂ ಕೇಳುತ್ತೀರಿ, ಅಲ್ಲವೇ? ಕೆಲವು ಕಾರುಗಳಲ್ಲಿ ಮುಂದಿನ ಗಾಜಿನ ಬಳಿ ಅಂಗೈಯಗಲದ ಪೆಟ್ಟಿಗೆಯೊಂದು ಇರುತ್ತದೆ. ಹೋಗಬೇಕಾದ ಸ್ಥಳವನ್ನು ತಿಳಿಸಿದರೆ ಅದು ಪರದೆಯ ಮೇಲೆ ನಕ್ಷೆ ತೋರಿಸಿ, ‘ಮುಂದೆ ಎಡಕ್ಕೆ ತಿರುಗಿ’ ಎಂದು ಹೇಳುತ್ತದೆ. ಇದೇ ಜಿಪಿಎಸ್ ಸಾಧನ. ಈಗ ಮೊಬೈಲ್ ಫೋನುಗಳೂ ಈ ಕೆಲಸ ಮಾಡುತ್ತವೆ. ಇದಕ್ಕೆ ದಾರಿ ಗೊತ್ತಾಗುವುದು ಹೇಗೆ?

ಆಕಾಶದಲ್ಲಿ ಗಡಿಯಾರಗಳು

ಜಿಪಿಎಸ್ ಎಂದರೆ ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂದು ತಿಳಿಸುವ ವ್ಯವಸ್ಥೆ. ಇದನ್ನು ರೂಪಿಸಿದ್ದು ಅಮೆರಿಕ. ಇದರ ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. ವ್ಯವಸ್ಥೆ ಪೂರ್ಣಗೊಂಡದ್ದು 1995ರಲ್ಲಿ. ಈ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದರಲ್ಲೂ ಅತಿ ನಿಖರವಾದ ಪರಮಾಣು ಗಡಿಯಾರಗಳಿವೆ. ‘ನಾನು ಇಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಉಪಗ್ರಹ ರೇಡಿಯೊ ಅಲೆಗಳ ಮೂಲಕ ಸದಾ ಸಾರುತ್ತಿರುತ್ತದೆ. ಪೆಟ್ಟಿಗೆ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೆ. ಉಪಗ್ರಹಕ್ಕೆ ತಾನು ಏನನ್ನೂ ಕಳುಹಿಸುವುದಿಲ್ಲ.

ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುತ್ತದೆ. ಅಲೆ ಹೊರಟು ಬಂದು ಸೇರಲು ಹಿಡಿದ ಸಮಯವನ್ನು ಈ ವೇಗದಿಂದ ಗುಣಿಸಿದರೆ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ತಿಳಿಯುತ್ತದೆ. ಸಮಯದ ಲೆಕ್ಕ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ!

ಮೂರು ಗೋಪುರಗಳ ಲೆಕ್ಕ

ದೂರ ಗೊತ್ತಾದರೆ ಸ್ಥಳ ಹೇಗೆ ಗೊತ್ತಾಗುತ್ತದೆ? ಬೆಂಗಳೂರಿನಲ್ಲಿ ಕೆಂಪೇಗೌಡ ಗೋಪುರಗಳಿವೆಯಲ್ಲ, ಅವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನೀವು ಲಾಲ್‌ಬಾಗಿನ ಗೋಪುರದಿಂದ 2 ಕಿ.ಮೀ. ದೂರದಲ್ಲಿದ್ದೀರಿ. ಹಾಗಾದರೆ ಆ ಗೋಪುರದ ಸುತ್ತ ಎಳೆದ ವೃತ್ತದ ಮೇಲೆ ಎಲ್ಲಾದರೂ ಇರಬಹುದು. ಕೆಂಪಾಂಬುಧಿ ಕೆರೆಯ ಗೋಪುರದಿಂದಲೂ 2 ಕಿ.ಮೀ. ದೂರದಲ್ಲಿದ್ದರೆ? ಎರಡು ವೃತ್ತಗಳು ಎರಡೇ ಕಡೆ ಕೂಡುತ್ತವೆ: ಒಂದು ಉತ್ತರಕ್ಕೆ, ಇನ್ನೊಂದು ದಕ್ಷಿಣಕ್ಕೆ. ಉತ್ತರದಲ್ಲಿರುವ ಮೇಖ್ರಿ ವೃತ್ತದ ಗೋಪುರ ಎಷ್ಟು ದೂರ ಎಂದು ತಿಳಿದರೆ ಸಾಕು, ಆ ಎರಡರಲ್ಲಿ ನಿಮ್ಮ ಜಾಗ ಯಾವುದೆಂದು ತೀರ್ಮಾನವಾಗುತ್ತದೆ.

ಜಿಪಿಎಸ್‌ನಲ್ಲಿ ಉಪಗ್ರಹಗಳೇ ಗೋಪುರಗಳು. ಆದರೆ ಪೆಟ್ಟಿಗೆಯೊಳಗಿನ ಗಡಿಯಾರ ಅಷ್ಟು ನಿಖರವಲ್ಲ. ಅದರ ತಪ್ಪನ್ನು ಸರಿಪಡಿಸಿಕೊಳ್ಳಲು ನಾಲ್ಕನೆಯ ಉಪಗ್ರಹವೂ ಬೇಕು.

ಹೀಗೆ ಸಿಗುವ ಉತ್ತರವೇ ಅಕ್ಷಾಂಶ ಮತ್ತು ರೇಖಾಂಶ. 13 ಡಿಗ್ರಿ ಉತ್ತರ ಅಕ್ಷಾಂಶವು ಮಲ್ಲೇಶ್ವರದ ಮೂಲಕ ಹಾದುಹೋಗುತ್ತದೆ. ದೊಡ್ಡ ಬಸವಣ್ಣ ದೇವಸ್ಥಾನ ಇರುವುದು ಸುಮಾರು 12.94 ಡಿಗ್ರಿಯಲ್ಲಿ. ಎರಡರ ರೇಖಾಂಶವೂ ಹೆಚ್ಚುಕಡಿಮೆ 77.57 ಡಿಗ್ರಿ. ಅಂದರೆ ಒಂದು ಇನ್ನೊಂದರ ನೇರ ದಕ್ಷಿಣಕ್ಕಿದೆ. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಲೆಕ್ಕ ಮಾಡಿ: 0.06 × 111 = 6.66 ಕಿ.ಮೀ.

ಉಪಗ್ರಹಕ್ಕೆ ತಿಳಿಯದ್ದು

ಇದು ಕಾಗೆ ಹಾರುವ ದಾರಿ. ಕಾರು ಹಾರಲಾರದು, ಅದಕ್ಕೆ ರಸ್ತೆ ಬೇಕು. ಆದರೆ ರಸ್ತೆಗಳ ಸಂಗತಿ ಉಪಗ್ರಹ ಹೇಳುವುದಿಲ್ಲ! ನಕ್ಷೆಯನ್ನು ತಯಾರಿಸಿ ಯಂತ್ರಕ್ಕೆ ತುಂಬುವವರು ಮನುಷ್ಯರು. ಮಲ್ಲೇಶ್ವರದ ಸಂಪಿಗೆ ರಸ್ತೆ, ಮಾರ್ಗೋಸ ರಸ್ತೆಗಳಲ್ಲಿ ಏಕಮುಖ ಸಂಚಾರವಿದೆ. ನಕ್ಷೆಯಲ್ಲಿ ಅದು ದಾಖಲಾಗದಿದ್ದರೆ ಯಂತ್ರ ಎದುರು ದಿಕ್ಕಿನಲ್ಲಿ ಹೋಗಿ ಎಂದೀತು. ಚಾಮರಾಜಪೇಟೆಯ ಸಿರ್ಸಿ ವೃತ್ತದ ಮೇಲ್ಸೇತುವೆಯನ್ನೇ ನೋಡಿ. ನಕ್ಷೆಯಲ್ಲಿ ಸೇತುವೆಯೂ ಅದರ ಕೆಳಗಿನ ರಸ್ತೆಯೂ ಒಂದರ ಮೇಲೊಂದು ಇರುವುದರಿಂದ ಕಾರು ಯಾವುದರ ಮೇಲಿದೆ ಎಂದು ಯಂತ್ರಕ್ಕೆ ಗೊಂದಲವಾಗಬಹುದು. ಚಿಕ್ಕಪೇಟೆಯ ಕೆಳಗಿನ ಮೆಟ್ರೊ ಸುರಂಗದೊಳಗಂತೂ ಉಪಗ್ರಹದ ಅಲೆಗಳು ತಲುಪುವುದೇ ಇಲ್ಲ.

ಆದ್ದರಿಂದ ಹೊರಡುವ ಮೊದಲೇ ಸ್ಥಳವನ್ನು ನಮೂದಿಸಬೇಕು. ಓಡಿಸುತ್ತಾ ಗುಂಡಿ ಒತ್ತಬಾರದು. ಯಂತ್ರ ಏನೇ ಹೇಳಲಿ, ಚಾಲಕರು ರಸ್ತೆಯ ಫಲಕವನ್ನೇ ನಂಬಬೇಕು. ಎದುರಿನಿಂದ ಬರುವ ಬಸ್ಸು ಪೆಟ್ಟಿಗೆಗೆ ಕಾಣಿಸದು, ಚಾಲಕರ ಕಣ್ಣಿಗೆ ಕಾಣಿಸುತ್ತದೆ.

ನಮ್ಮದೇ ‘ನಾವಿಕ್’

ಇಂಥ ಕೆಲಸಕ್ಕೆ ನಮ್ಮ ಇಸ್ರೊ ಸಂಸ್ಥೆ 2013ರಿಂದ 2016ರವರೆಗೆ ಏಳು ಉಪಗ್ರಹಗಳನ್ನು ಕಕ್ಷೆಗೆ ಸೇರಿಸಿತು. ಈ ವ್ಯವಸ್ಥೆಯ ಹೆಸರು ‘ನಾವಿಕ್’. ಮುಂದೆ ಕೆಲವು ಉಪಗ್ರಹಗಳಲ್ಲಿ ವಿದೇಶದಿಂದ ತಂದ ಪರಮಾಣು ಗಡಿಯಾರಗಳು ಕೆಟ್ಟುಹೋದವು. ಗಡಿಯಾರ ಕೆಟ್ಟರೆ ದೂರದ ಲೆಕ್ಕವೇ ಇಲ್ಲ! 2023ರ ಮೇ ತಿಂಗಳಲ್ಲಿ ಹಾರಿಸಿದ ಉಪಗ್ರಹದಲ್ಲಿ ಭಾರತದಲ್ಲೇ ತಯಾರಿಸಿದ ಪರಮಾಣು ಗಡಿಯಾರವನ್ನು ಮೊದಲ ಬಾರಿಗೆ ಇಡಲಾಯಿತು.

ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ ತ್ರಿಕೋನದಂತೆ ಮೂರು ಗೂಟ ನೆಡಿ. ಒಂದು ಜಾಗದಲ್ಲಿ ಕಲ್ಲಿಟ್ಟು, ಅಲ್ಲಿಂದ ಪ್ರತಿ ಗೂಟಕ್ಕೂ ಇರುವ ದೂರವನ್ನು ದಾರದಿಂದ ಅಳೆದುಕೊಳ್ಳಿ. ಕಲ್ಲು ತೆಗೆದುಬಿಡಿ. ಈಗ ಗೆಳೆಯರನ್ನು ಕರೆದು, ಮೂರು ದಾರಗಳನ್ನಷ್ಟೇ ಕೊಟ್ಟು ಕಲ್ಲಿದ್ದ ಜಾಗ ಹುಡುಕಲು ಹೇಳಿ.

ಯೋಚಿಸಿ: ಮೂರು ಗೂಟಗಳನ್ನೂ ಒಂದೇ ಸಾಲಿನಲ್ಲಿ ನೆಟ್ಟರೆ ಏನಾಗುತ್ತದೆ?